ಚಾಳೀಸು ಬಂದರೆ ಚಾಕರಿ ಹೋಗಬೇಕೆ?

ನಲವತ್ತು ದಾಟಿದವನಿಗೆ ಹತ್ತಿರದ ಅಕ್ಷರ ಮಂಜಾಗತೊಡಗಿದರೆ ನಮ್ಮ ಹಿರಿಯರು ‘ಚಾಳೀಸು ಬಂತು’ ಎನ್ನುತ್ತಿದ್ದರು. ಚಾಳೀಸು ಎಂದರೆ ನಲವತ್ತು. ಇಲ್ಲಿಯ ನಮ್ಮ ಮರಾಠಿ ನೆರೆಹೊರೆಯವರೂ ಓದುವ ಕನ್ನಡಕಕ್ಕೆ ‘ಚಾಳಿಶಿ’ ಎಂದೇ ಹೇಳುತ್ತಾರೆ. ವೈದ್ಯರ ಬಾಯಲ್ಲಿ ಇದಕ್ಕೆ ಪ್ರೆಸ್‌ಬಯೋಪಿಯ ಎಂಬ ದೊಡ್ಡ ಹೆಸರಿದೆ. ಹೆಸರು ಯಾವುದೇ ಇರಲಿ, ಬಡವನಿಗೂ ಬಲ್ಲಿದನಿಗೂ ಇದು ತಪ್ಪಿದ್ದಲ್ಲ. ಆದರೆ ಬಲ್ಲಿದನಿಗೆ ಚಾಳೀಸು ಬಂದರೆ ಮೂಗಿನ ಮೇಲೊಂದು ಕನ್ನಡಕ ಬರುತ್ತದೆ. ಕಾರ್ಮಿಕನಿಗೆ ಬಂದರೆ ಅವನ ಚಾಕರಿಯೇ ಅಲುಗಾಡುತ್ತದೆ. ಈ ಅನ್ಯಾಯದ ವಿಷಯವಾಗಿ ನಮ್ಮ ಸಂಘದ ಬಂಧುಗಳಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. 2004ನೆಯ ಇಸವಿಯ ಮಾತು. ನನಗಾಗ 43 ವರ್ಷ. ಮುಂಬಯಿಯ ಉಪನಗರದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂಡುತ್ತಿದ್ದೆ. ಕ್ಲೀನರಾಗಿ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಸಪ್ಲೈಯರಾಗಿ ದುಡಿದು, ಇಪ್ಪತ್ತೆರಡು ವರ್ಷಗಳ ಮೇಲೆ ದೊರೆತ ಜಾಗ ಅದು. ಬಿಲ್ಲುಗಳನ್ನು ಆಗ ಪೆನ್ಸಿಲಿನಿಂದ ಗೀಚುತ್ತಿದ್ದರು. ನನ್ನ ಕಣ್ಣಿಗೆ 3 ಯಾವುದು, 8 ಯಾವುದು ತಿಳಿಯದಂತಾಯಿತು. 1ಕ್ಕೂ 7ಕ್ಕೂ ವ್ಯತ್ಯಾಸವಿಲ್ಲದಂತಾಯಿತು. ರಾತ್ರಿ ಲೆಕ್ಕ ಮುಗಿಸುವಾಗ ಒಂದು ದಿನ ಮೂವತ್ತು, ಇನ್ನೊಂದು ದಿನ ಐವತ್ತು ರೂಪಾಯಿ ತಾಳೆ ಬೀಳುತ್ತಿರಲಿಲ್ಲ. ಧಣಿಗಳು ಮೊದಲ ತಿಂಗಳು ನಕ್ಕರು. ಎರಡನೆಯ ತಿಂಗಳು ಸಂಬಳದಲ್ಲಿ ಹಿಡಿದರು. ಮೂರನೆಯ ತಿಂಗಳು, “ನಿನ್ನ ಗಮನ ಎಲ್ಲಿಯೋ ಉಂಟು ಮಾರಾಯ, ನಾಳೆಯಿಂದ ಸ್ಟೋರು ನೋಡಿಕೋ” ಅಂದರು. ಗಲ್ಲಾದ ಸಂಬಳ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಜೊತೆಗಾರರ ಕಣ್ಣಿನಲ್ಲಿ ನನ್ನ ಪ್ರಾಮಾಣಿಕತೆಯೂ ಹೋಯಿತೋ ಏನೋ ಎಂಬ ಕೊರಗು ಉಳಿಯಿತು.

ಕಣ್ಣು ಮಂಜಾದದ್ದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ‘ಕನ್ನಡಕ ಬಂತೆಂದರೆ ಮುದುಕನಾದ ಎನ್ನುತ್ತಾರೆ, ಮುದುಕನಾದನೆಂದರೆ ಊರಿಗೆ ಹೋಗು ಎನ್ನುತ್ತಾರೆ’ ಎಂಬ ಭಯ. ಕಡೆಗೆ ನಮ್ಮ ಚಾಳಿನಲ್ಲಿಯೇ ಇದ್ದ ವಿಜಾಪುರದ ಕಡೆಯ ಟೇಲರೊಬ್ಬರು, ನಾನು ಊರಿನ ಕಾಗದವನ್ನು ಮೊಳದೂರ ಹಿಡಿದು ಓದುವುದನ್ನು ನೋಡಿ, ತಮ್ಮ ಕನ್ನಡಕವನ್ನೇ ತೆಗೆದು ಕೊಟ್ಟು, “ಅಣ್ಣಾವ್ರ, ಇದನ್ನೊಮ್ಮೆ ಹಾಕ್ಕೊಂಡು ನೋಡ್ರಿ” ಅಂದರು. ಹಾಕಿಕೊಂಡೆ. ತಾಯಿಯ ಕಾಗದದ ಒಂದೊಂದು ಅಕ್ಷರವೂ ಎದ್ದು ನಿಂತಿತು. ಮರುದಿನ 80 ರೂಪಾಯಿ ಕೊಟ್ಟು ಒಂದು ಕನ್ನಡಕ ಕೊಂಡೆ. ಆದರೆ ಗಲ್ಲಾ ಮಾತ್ರ ಮರಳಿ ಬರಲಿಲ್ಲ. ಎಂಬತ್ತು ರೂಪಾಯಿಯ ವಸ್ತುವಿಗಾಗಿ ಇಪ್ಪತ್ತೆರಡು ವರ್ಷದ ಗಳಿಕೆಯನ್ನು ಕಳೆದುಕೊಂಡ ಮೂರ್ಖ ನಾನೊಬ್ಬನೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಸಂಘದಲ್ಲಿ ಹೊಲಿಗೆಯವರಿದ್ದಾರೆ, ಬಸ್ಸಿನವರಿದ್ದಾರೆ, ಗುಮಾಸ್ತರಿದ್ದಾರೆ, ವಾಚ್‌ಮನ್‌ಗಳಿದ್ದಾರೆ, ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುವ, ಮಣಿ ಪೋಣಿಸುವ ತಾಯಂದಿರಿದ್ದಾರೆ. ಇವರೆಲ್ಲರ ಅನ್ನ ಇರುವುದು ಕಣ್ಣಿನಿಂದ ಒಂದು ಮೊಳದ ಒಳಗೆ.

ಚಾಳೀಸು ರೋಗವಲ್ಲ. ನಮ್ಮ ಕಣ್ಣಿನೊಳಗೆ ಪಾರದರ್ಶಕವಾದ ಒಂದು ಮಸೂರವಿದೆ. ಎಳೆಯ ವಯಸ್ಸಿನಲ್ಲಿ ಅದು ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಸಣ್ಣ ಸ್ನಾಯು ಬಿಗಿದುಕೊಂಡು, ಮಸೂರ ಉಬ್ಬಿ ದಪ್ಪಗಾಗಲು ಅನುವು ಮಾಡಿಕೊಡುತ್ತದೆ. ಹೀಗಾಗಿಯೇ ಹತ್ತು ವರ್ಷದ ಹುಡುಗನು ಪುಸ್ತಕವನ್ನು ಮೂಗಿನಿಂದ ಏಳೆಂಟು ಸೆಂಟಿಮೀಟರ್ ದೂರದಲ್ಲಿ ಹಿಡಿದರೂ ಓದಬಲ್ಲ. ವರ್ಷ ಕಳೆದಂತೆ ಮಸೂರ ಗಟ್ಟಿಯಾಗುತ್ತ ಬರುತ್ತದೆ. ನಲವತ್ತೈದರ ಹೊತ್ತಿಗೆ ಸುಮಾರು ಒಂದು ಗೇಣಿಗಿಂತ ಹತ್ತಿರದ್ದು ಸ್ಪಷ್ಟವಾಗುವುದಿಲ್ಲ. ಅರವತ್ತಕ್ಕೆ ಒಂದು ಮೀಟರಿನಷ್ಟು ದೂರವೇ ಬೇಕಾಗುತ್ತದೆ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ತಲೆಗೂದಲು ನೆರೆಯುವುದು ಒಬ್ಬೊಬ್ಬರಿಗೆ ಒಂದೊಂದು ಕಾಲಕ್ಕೆ. ಚಾಳೀಸಾದರೋ ಬದುಕಿದ್ದವರೆಲ್ಲರಿಗೂ ಬರತಕ್ಕದ್ದೇ.

ಹಾಗಾದರೆ ಉಪಾಯವೇನು? ಶಸ್ತ್ರಚಿಕಿತ್ಸೆಯ ದಾರಿಗಳೂ ಇವೆ. ಅವನ್ನು ಇಲ್ಲಿ ಚರ್ಚಿಸುವುದಿಲ್ಲ. ಕತ್ತರಿ ತಾಗಿಸದ ಉಪಾಯಗಳನ್ನಷ್ಟೇ ನೋಡೋಣ. ಯಾಕೆಂದರೆ ನಮ್ಮಂಥವರ ಜೇಬಿಗೆ ಕೈ ಹಾಕುವ ಜನರೂ ಇವುಗಳ ಹೆಸರಿನಲ್ಲಿಯೇ ಬರುತ್ತಾರೆ.

ಮೊದಲನೆಯದು ಹಳೆಯದು, ಅಗ್ಗದ್ದು, ಉತ್ತಮವಾದದ್ದು: ಓದುವ ಕನ್ನಡಕ. ಗಟ್ಟಿಯಾದ ಮಸೂರ ಮಾಡಲಾರದ ಕೆಲಸವನ್ನು ಮೂಗಿನ ಮೇಲಿನ ಗಾಜು ಮಾಡುತ್ತದೆ. ನಲವತ್ತರ ಹತ್ತಿರ ಸಾಮಾನ್ಯವಾಗಿ ಪ್ಲಸ್ 1 ನಂಬರು ಸಾಕಾಗುತ್ತದೆ. ಅರವತ್ತರ ಹೊತ್ತಿಗೆ ಅದು 2.5ಕ್ಕೆ ಏರಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ‘ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ನಂಬರು ಏರುತ್ತದೆ’ ಎಂದು ಹೇಳುವವರು ಬಹಳ. ಇದು ಸುಳ್ಳು. ಕನ್ನಡಕ ಹಾಕಿದರೂ ಹಾಕದಿದ್ದರೂ ಮಸೂರ ಗಟ್ಟಿಯಾಗುವುದು ನಿಲ್ಲುವುದಿಲ್ಲ. ಹಾಕದಿದ್ದವನಿಗೆ ತಲೆನೋವು, ಕಣ್ಣುರಿ, ತಪ್ಪು ಲೆಕ್ಕ ಇಷ್ಟೇ ಲಾಭ.

ನಂಬರು ಆರಿಸುವಾಗ ಒಂದು ಮಾತು ನೆನಪಿರಲಿ. ಪತ್ರಿಕೆಯನ್ನು ಹಿಡಿಯುವುದು ಒಂದು ದೂರದಲ್ಲಿ, ಕಂಪ್ಯೂಟರಿನ ಪರದೆ ಇರುವುದು ಅದಕ್ಕಿಂತ ದೂರದಲ್ಲಿ, ಸೂಜಿಗೆ ದಾರ ಪೋಣಿಸುವುದು ಅದಕ್ಕಿಂತ ಹತ್ತಿರದಲ್ಲಿ. ಆದಕಾರಣ ಪರೀಕ್ಷೆ ಮಾಡುವವರಿಗೆ ‘ನಾನು ಇಂಥ ಕೆಲಸ ಮಾಡುತ್ತೇನೆ, ವಸ್ತುವನ್ನು ಇಷ್ಟು ದೂರದಲ್ಲಿ ಹಿಡಿಯುತ್ತೇನೆ’ ಎಂದು ಕೈ ತೋರಿಸಿ ಹೇಳಬೇಕು. ಗಲ್ಲಾದವನ ಕನ್ನಡಕ ಟೇಲರಿಗೆ ಹೊಂದಬೇಕೆಂದಿಲ್ಲ.

ಎರಡನೆಯದು, ಮೇಲೆ ದೂರಕ್ಕೆ ಕೆಳಗೆ ಹತ್ತಿರಕ್ಕೆ ಇರುವ ಬೈಫೋಕಲ್ ಕನ್ನಡಕ. ಅಮೇರಿಕದ ಬೆಂಜಮಿನ್ ಫ್ರ್ಯಾಂಕ್ಲಿನ್ 1784ರಲ್ಲಿಯೇ ಇಂಥ ಕನ್ನಡಕದ ವಿಷಯ ಬರೆದಿದ್ದಾನೆ. ಗೆರೆ ಕಾಣಿಸದೆ ನಂಬರು ಮೆಲ್ಲಗೆ ಬದಲಾಗುವ ಪ್ರೋಗ್ರೆಸಿವ್ ಗಾಜು ಇದರ ಈಚಿನ ರೂಪ, ಬೆಲೆ ಹೆಚ್ಚು. ಕುಳಿತು ಕೆಲಸ ಮಾಡುವವರಿಗೆ ಇವು ಅನುಕೂಲ. ಆದರೆ ತಟ್ಟೆ ಹಿಡಿದು ಮೆಟ್ಟಿಲು ಇಳಿಯುವ ಸಪ್ಲೈಯರೂ ಏಣಿ ಹತ್ತುವ ವಯರ್‌ಮನ್ನೂ ಜಾಗ್ರತೆಯಾಗಿರಬೇಕು. ಕೆಳಗಿನ ಗಾಜಿನೊಳಗಿಂದ ಕಾಲ ಬುಡ ನೋಡಿದರೆ ಮೆಟ್ಟಿಲು ಮಂಜಾಗಿ ಕಾಣುತ್ತದೆ. ಅಂಥವರು ಓದುವ ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಬೇಕಾದಾಗ ಏರಿಸಿಕೊಳ್ಳುವುದೇ ಮೇಲು.

ಮೂರನೆಯದು ಕಾಂಟ್ಯಾಕ್ಟ್ ಲೆನ್ಸು. ಒಂದೇ ಲೆನ್ಸಿನಲ್ಲಿ ದೂರ ಹತ್ತಿರ ಎರಡೂ ಇರುವಂಥವಿವೆ. ಒಂದು ಕಣ್ಣಿಗೆ ದೂರದ್ದು, ಇನ್ನೊಂದಕ್ಕೆ ಹತ್ತಿರದ್ದು ಹಾಕುವ ಪದ್ಧತಿಯೂ ಇದೆ. ಕೆಲವರಿಗೆ ಹೊಂದುತ್ತದೆ. ಆದರೆ ಕೈ ತೊಳೆಯದೆ ಮುಟ್ಟಿದರೆ, ನಲ್ಲಿಯ ನೀರು ತಾಗಿಸಿದರೆ, ಅದನ್ನು ಹಾಕಿಕೊಂಡೇ ಮಲಗಿದರೆ ಕಣ್ಣಿಗೆ ಸೋಂಕು ತಗಲುವ ಅಪಾಯವಿದೆ. ಒಲೆಯ ಹೊಗೆಯಲ್ಲಿ, ಧೂಳಿನಲ್ಲಿ ಹನ್ನೆರಡು ತಾಸು ದುಡಿಯುವವನಿಗೆ ಇದನ್ನು ನಾನು ಹೇಳಲಾರೆ.

ನಾಲ್ಕನೆಯದು ಈಚೆಗೆ ಬಹಳ ಸದ್ದು ಮಾಡಿದ ಕಣ್ಣಿನ ಹನಿ. ಇದರ ಗುಟ್ಟನ್ನು ತಿಳಿಯಬೇಕಾದರೆ ಓದುಗರು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಒಂದು ದಪ್ಪ ಕಾಗದಕ್ಕೆ ಸೂಜಿಯಿಂದ ತೂತು ಮಾಡಿ, ಕನ್ನಡಕ ತೆಗೆದು, ಆ ತೂತಿನೊಳಗಿಂದ ಒಳ್ಳೆಯ ಬೆಳಕಿನಲ್ಲಿ ಸಣ್ಣ ಅಕ್ಷರ ನೋಡಿರಿ. ಮಂಜು ಕಡಿಮೆಯಾಗುತ್ತದೆ. ಬೆಳಕು ಒಳಗೆ ಹೋಗುವ ಕಿಂಡಿ ಕಿರಿದಾದಷ್ಟೂ ಚಿತ್ರ ಸ್ಪಷ್ಟ. ನಮ್ಮ ಅಜ್ಜಂದಿರು ಕಾಗದವನ್ನು ಬಿಸಿಲಿಗೆ ಒಯ್ದು ಓದುತ್ತಿದ್ದದ್ದರ ಮರ್ಮವೂ ಇದೇ. ಬೆಳಕು ಹೆಚ್ಚಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಹನಿಯೂ ಇದನ್ನೇ ಮಾಡುತ್ತದೆ. ಪಾಪೆಯನ್ನು ಕೆಲವು ತಾಸು ಕಿರಿದಾಗಿಸುತ್ತದೆ. ಅದರಲ್ಲಿರುವ ಪೈಲೋಕಾರ್ಪಿನ್ ಹೊಸ ವಸ್ತುವೇನಲ್ಲ. ಬ್ರೆಜಿಲ್ ದೇಶದ ಒಂದು ಗಿಡದ ಎಲೆಯಿಂದ 1875ರಲ್ಲಿಯೇ ಬೇರ್ಪಡಿಸಿ, ಗ್ಲಾಕೋಮಾ ರೋಗಕ್ಕೆ ಬಳಸುತ್ತ ಬಂದದ್ದು. ಚಾಳೀಸಿಗಾಗಿ ಇದರ ಹನಿಗೆ ಅಮೇರಿಕದ ಸರ್ಕಾರಿ ಔಷಧ ಇಲಾಖೆ ಒಪ್ಪಿಗೆ ಕೊಟ್ಟದ್ದು 2021ರಲ್ಲಿ. ಅಸೆಕ್ಲಿಡಿನ್ ಎಂಬ ಇನ್ನೊಂದು ವಸ್ತುವಿನ ಹನಿಗೆ 2025ರಲ್ಲಿ ಒಪ್ಪಿಗೆ ದೊರೆಯಿತು.

ನಮ್ಮ ದೇಶದಲ್ಲಿ ನಡೆದದ್ದನ್ನು ಅನೇಕರು ಓದಿರಬಹುದು. 2024ರ ಆಗಸ್ಟಿನಲ್ಲಿ ಮುಂಬಯಿಯದೇ ಒಂದು ಕಂಪನಿಯ ಇಂಥ ಹನಿಗೆ, ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕದ್ದೆಂದು, ಕೇಂದ್ರದ ಔಷಧ ನಿಯಂತ್ರಕರು ಪರವಾನಗಿ ಕೊಟ್ಟರು. ಕೂಡಲೇ ‘ಹದಿನೈದು ನಿಮಿಷದಲ್ಲಿ ಕನ್ನಡಕ ಬೇಡವಾಗುತ್ತದೆ’ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಅನುಮತಿಯಿಲ್ಲದ ಪ್ರಚಾರ ನಡೆಯಿತೆಂದು ಸೆಪ್ಟೆಂಬರ್ ತಿಂಗಳಲ್ಲಿ ಅದೇ ನಿಯಂತ್ರಕರು ಆ ಪರವಾನಗಿಯನ್ನು ತಡೆಹಿಡಿದರು. ಹನಿಯೇ ವಿಷ ಎಂದು ನಾನು ಹೇಳುತ್ತಿಲ್ಲ. ಹತ್ತಿರದ ನೋಟ ಅದರಿಂದ ಸ್ವಲ್ಪ ಹೊತ್ತು ಸುಧಾರಿಸುತ್ತದೆ. ಆದರೆ ಅದು ಮಸೂರವನ್ನು ಮೆತ್ತಗೆ ಮಾಡುವುದಿಲ್ಲ. ಪರಿಣಾಮ ಇಳಿದ ಮೇಲೆ ಚಾಳೀಸು ಇದ್ದಲ್ಲಿಯೇ ಇರುತ್ತದೆ. ತಲೆನೋವು, ಕಣ್ಣು ಕೆಂಪಾಗುವುದು ಕೆಲವರಿಗೆ ಆಗುತ್ತದೆ. ಪಾಪೆ ಕಿರಿದಾದ್ದರಿಂದ ಮಬ್ಬುಗತ್ತಲಲ್ಲಿ ನೋಟ ಕುಂದುತ್ತದೆ. ರಾತ್ರಿ ಟ್ಯಾಕ್ಸಿ ಓಡಿಸುವವನಿಗೂ ರಾತ್ರಿ ಪಾಳಿಯವನಿಗೂ ಇದು ಸಣ್ಣ ಮಾತಲ್ಲ. ಅಪರೂಪವಾಗಿ ಕಣ್ಣಿನ ಒಳಪರದೆ ಕಿತ್ತುಬರುವ ಅಪಾಯವನ್ನೂ ಆ ಔಷಧಿಯ ಎಚ್ಚರಿಕೆಯಲ್ಲಿ ಬರೆದಿದ್ದಾರೆ. ಆದ್ದರಿಂದ ಒಳಪರದೆಯ ಪರೀಕ್ಷೆ ಮಾಡಿದ ವೈದ್ಯರು ಬರೆದುಕೊಡದೆ, ಅಂಗಡಿಯಿಂದಲೋ ಮೊಬೈಲಿನ ಜಾಹೀರಾತಿನಿಂದಲೋ ತಂದು ಹಾಕಿಕೊಳ್ಳಬಾರದು.

ಐದನೆಯದು ಉಪಾಯವೇ ಅಲ್ಲ, ಆದರೂ ಹೇಳಬೇಕಾಗಿದೆ. ಕಣ್ಣಿನ ವ್ಯಾಯಾಮದಿಂದ ಕನ್ನಡಕ ಬಿಡಿಸುತ್ತೇವೆ ಎನ್ನುವವರು ಅಮೇರಿಕದ ಡಾಕ್ಟರ್ ಬೇಟ್ಸ್ 1920ರಲ್ಲಿ ಪುಸ್ತಕ ಬರೆದ ಕಾಲದಿಂದಲೂ ಇದ್ದಾರೆ. ವ್ಯಾಯಾಮ ಸ್ನಾಯುವಿಗೆ, ಚಾಳೀಸಿನಲ್ಲಿ ಮುಖ್ಯವಾಗಿ ಗಟ್ಟಿಯಾದದ್ದು ಮಸೂರ. ಎಷ್ಟು ಕಣ್ಣು ತಿರುಗಿಸಿದರೂ ಅದು ಮೆತ್ತಗಾಗದು. ಇನ್ನು ಜೇನು, ಈರುಳ್ಳಿ ರಸ, ಗುಲಾಬಿ ನೀರು ಎಂದು ಕಣ್ಣಿಗೆ ಹಿಂಡಿಕೊಳ್ಳುವುದಂತೂ ಇದ್ದ ಕಣ್ಣನ್ನೂ ಕಳೆದುಕೊಳ್ಳುವ ದಾರಿ. ‘ನಮ್ಮ ಮಾವನವರಿಗೆ ಅರವತ್ತೈದರಲ್ಲಿ ಚಾಳೀಸು ತಾನಾಗಿ ಹೋಯಿತು, ಕನ್ನಡಕವಿಲ್ಲದೆ ಓದುತ್ತಾರೆ’ ಎಂದು ಸಾಕ್ಷಿ ಹೇಳುವವರೂ ಇದ್ದಾರೆ. ಆ ಸಾಕ್ಷಿ ಸುಳ್ಳಲ್ಲ, ಅರ್ಥ ಬೇರೆ. ಪೊರೆ ಬರಲಾರಂಭಿಸಿದಾಗ ಕೆಲವರ ಮಸೂರ ಬದಲಾಗಿ ಹತ್ತಿರದ ನೋಟ ಕೆಲವು ಕಾಲ ಸರಿಯಾದಂತೆ ಕಾಣುತ್ತದೆ, ದೂರದ ನೋಟ ಕೆಡುತ್ತದೆ. ಮಾವನವರನ್ನು ಅಭಿನಂದಿಸುವ ಬದಲು ಕಣ್ಣಿನ ಡಾಕ್ಟರರ ಬಳಿಗೆ ಕರೆದೊಯ್ಯಬೇಕು.

ಇಷ್ಟರಿಂದ ನನ್ನ ತಾತ್ಪರ್ಯವೇನೆಂದರೆ, ದುಡಿಯುವವನಿಗೆ ಒಂದು ಸಾಧಾರಣ ಕನ್ನಡಕವೇ ಮೇಲಾದ ಮದ್ದು. ಕಷ್ಟವಿರುವುದು ಮದ್ದಿನಲ್ಲಲ್ಲ, ಅದು ದುಡಿಯುವವನಿಗೆ ತಲುಪದಿರುವುದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಚಾಳೀಸಿಗೆ ತಕ್ಕ ಕನ್ನಡಕ ಸಿಗದೆ ಹತ್ತಿರದ ನೋಟ ಕಳೆದುಕೊಂಡವರು ಜಗತ್ತಿನಲ್ಲಿ 82 ಕೋಟಿ 60 ಲಕ್ಷ ಮಂದಿ!

ಕನ್ನಡಕದಿಂದ ದುಡಿಮೆಗೆ ಏನಾಗುತ್ತದೆಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕೂಡಲೇ ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಪರೀಕ್ಷೆ ಮುಗಿದ ಮೇಲೆ ಕೊಟ್ಟರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಕನ್ನಡಕ ದೊರೆತವರು ದಿನಕ್ಕೆ ಕೀಳುತ್ತಿದ್ದ ಎಲೆ ಸರಾಸರಿ 25 ಕಿಲೋದಿಂದ ಸುಮಾರು 35 ಕಿಲೋಗೆ ಏರಿತು. ಕನ್ನಡಕವಿಲ್ಲದ ಪಂಗಡದವರದೂ ಆ ಅವಧಿಯಲ್ಲಿ 26ರಿಂದ ಸುಮಾರು 31ಕ್ಕೆ ಏರಿತ್ತು; ಅದನ್ನು ಕಳೆದರೂ ಕನ್ನಡಕದ ಹೆಚ್ಚಳ ಶೇಕಡಾ 21ಕ್ಕೂ ಮಿಗಿಲು. ಬಾಂಗ್ಲಾದೇಶದಲ್ಲಿ ಕಣ್ಣಿನ ಕೆಲಸ ಮಾಡುವ 824 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಉಚಿತ ಕನ್ನಡಕ ದೊರೆತವರ ಆದಾಯ ಎಂಟು ತಿಂಗಳಲ್ಲಿ ದೊರೆಯದವರಿಗಿಂತ ಶೇಕಡಾ 33ರಷ್ಟು ಹೆಚ್ಚಾಯಿತು.

ಇಲ್ಲಿ ಒಬ್ಬ ಸ್ನೇಹಿತರು ಆಕ್ಷೇಪಿಸಬಹುದು: “ಎಲೆ ಹೆಚ್ಚು ಬಂದರೆ ಲಾಭ ತೋಟದ ಧಣಿಗೆ, ಕನ್ನಡಕ ಹಾಕಿಕೊಂಡು ಹೆಚ್ಚು ದುಡಿಯಿರಿ ಎಂದು ಹೇಳುವುದೇ ಸಂಘದ ಕೆಲಸ?” ಆಕ್ಷೇಪದಲ್ಲಿ ಹುರುಳಿದೆ. ನನ್ನ ಉತ್ತರವಿಷ್ಟೆ. ಕಣ್ಣು ಕಾರ್ಮಿಕನದು, ಮೊದಲ ಲಾಭ ಅವನಿಗೇ. ಅದೇ ಕನ್ನಡಕದಿಂದ ಮಕ್ಕಳ ಪುಸ್ತಕ ಓದುತ್ತಾನೆ, ಮನೆಯಾಕೆ ಅಕ್ಕಿಯ ಕಲ್ಲು ಆರಿಸುತ್ತಾಳೆ, ಸಕ್ಕರೆ ಕಾಯಿಲೆಯ ತಾಯಿಗೆ ಇನ್ಸುಲಿನ್ ಎಷ್ಟು ಗೆರೆಯೆಂದು ತಪ್ಪದೆ ನೋಡುತ್ತಾಳೆ. ಎರಡನೆಯ ಲಾಭ ಧಣಿಗೆ ಹೋಗುತ್ತದೆಂಬುದು ನಿಜವಾದರೆ, ಅದೇ ಕಾರಣದಿಂದ ಕನ್ನಡಕದ ಖರ್ಚನ್ನು ಧಣಿಯೇ ಹೊರತಕ್ಕದ್ದು. ಕತ್ತರಿ, ಮಷೀನು, ಲೆಕ್ಕದ ಪುಸ್ತಕ ಇವನ್ನು ಧಣಿ ಕೊಡುವುದಿಲ್ಲವೇ? ಅವನ್ನು ನೋಡುವ ಗಾಜೂ ಕೆಲಸದ ಸಲಕರಣೆಯೇ. ಬ್ರಿಟನ್ನಿನಲ್ಲಿ 1992ರ ನಿಯಮಗಳ ಪ್ರಕಾರ, ಕಂಪ್ಯೂಟರ್ ಪರದೆಯ ಮುಂದೆ ದುಡಿಯುವ ನೌಕರ ಕೇಳಿದರೆ ಕಣ್ಣು ಪರೀಕ್ಷೆಯ ವೆಚ್ಚವನ್ನು ಮಾಲೀಕ ಕೊಡಬೇಕು. ಆ ಕೆಲಸಕ್ಕೆಂದೇ ಕನ್ನಡಕ ಬೇಕಾದರೆ ಅದನ್ನೂ ಕೊಡಬೇಕು.

ನಮ್ಮಲ್ಲಿಯೂ ಒಂದು ಬಾಗಿಲು ತೆರೆದಿದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಆ ಸಂಹಿತೆಗಳ ಮೇಲೆ ಕಾರ್ಮಿಕ ಸಂಘಗಳ ತಕರಾರುಗಳು ಬಹಳ ಇವೆ. ಆ ಹೋರಾಟ ಬೇರೆ. ಆದರೆ ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಸರ್ಕಾರ ಆಗ ಸಾರಿ ಹೇಳಿತು. ನಲವತ್ತು! ನಮ್ಮ ಹಿರಿಯರು ಚಾಳೀಸು ಎಂದದ್ದೂ ಅದನ್ನೇ. ರಕ್ತದ ಒತ್ತಡ ನೋಡಿ ಕಳಿಸುವ ತಪಾಸಣೆ ಸಾಲದು. ಅದರಲ್ಲಿ ಹತ್ತಿರದ ನೋಟದ ಪರೀಕ್ಷೆ ಇರಲೇಬೇಕೆಂದೂ, ಬೇಕಾದವರಿಗೆ ಕನ್ನಡಕವನ್ನು ಧಣಿಗಳೇ ಕೊಡಿಸಬೇಕೆಂದೂ, ಕನ್ನಡಕದ ಕಾರಣದಿಂದ ಯಾರ ಜಾಗವನ್ನೂ ಸಂಬಳವನ್ನೂ ಇಳಿಸಬಾರದೆಂದೂ ನಮ್ಮ ಸಂಘವು ಠರಾವು ಮಾಡಬೇಕು. ಕನ್ನಡಕದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ದುಬಾರಿಯೆಂಬ ನೆಪವೂ ಧಣಿಗಳಿಗೆ ಉಳಿದಿಲ್ಲ.

ಧಣಿಗಳನ್ನು ಕೇಳುವ ಮೊದಲು ನಾವೂ ಕೈಯಾಡಿಸಬೇಕು. ಸಂಘದ ಕಚೇರಿಯಲ್ಲಿ ಕನ್ನಡದ ದಪ್ಪ ಸಣ್ಣ ಅಕ್ಷರಗಳ ಒಂದು ಓದುವ ಕಾರ್ಡು, ಒಳ್ಳೆಯ ದೀಪ, 1ರಿಂದ 3ರವರೆಗಿನ ನಂಬರಿನ ಸಿದ್ಧ ಕನ್ನಡಕಗಳ ಒಂದು ಪೆಟ್ಟಿಗೆ ಇಷ್ಟಿದ್ದರೆ ಸಾಕು. ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರರನ್ನು ಕರೆಸಿ ಶಿಬಿರ ನಡೆಸಬಹುದು. ಡಾಕ್ಟರರು ಏಕೆಂದರೆ, ಸಿದ್ಧ ಕನ್ನಡಕದ ಎರಡೂ ಗಾಜು ಒಂದೇ ನಂಬರಿನವು. ಎರಡು ಕಣ್ಣಿನ ನೋಟ ಬೇರೆ ಬೇರೆ ಇರುವವರಿಗೆ ಅದು ಹೊಂದದು. ಅದಕ್ಕಿಂತ ಮುಖ್ಯವಾಗಿ, ಗ್ಲಾಕೋಮಾ ಎಂಬ ರೋಗ ನೋವಿಲ್ಲದೆ ಬಂದು ನೋಟವನ್ನು ಅಂಚಿನಿಂದ ತಿನ್ನುತ್ತ ಹೋಗುತ್ತದೆ. ಸಕ್ಕರೆ ಕಾಯಿಲೆಯೂ ಒಳಪರದೆಯನ್ನು ಸದ್ದಿಲ್ಲದೆ ಕೆಡಿಸುತ್ತದೆ. ಪರೀಕ್ಷೆ ಮಾಡಿದವರಿಗೇ ಅವು ಕಾಣುತ್ತವೆ. ಇನ್ನು ಒಮ್ಮೆಲೇ ನೋಟ ಕುಂದಿದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ ಅದು ಚಾಳೀಸಲ್ಲ. ಅಂದೇ ಆಸ್ಪತ್ರೆಗೆ ಓಡಬೇಕು.

ಕೊನೆಯದಾಗಿ ನನ್ನ ವಯಸ್ಸಿನ ಬಂಧುಗಳಲ್ಲಿ ಒಂದು ವಿನಂತಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ಅಕ್ಷರ ಕಾಣದಿದ್ದರೆ ಕಾಣುವುದಿಲ್ಲವೆಂದು ಹೇಳಿರಿ. ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಜನ ಕಣ್ಣನ್ನು ಅನುಮಾನಿಸುವುದಿಲ್ಲ, ಮನುಷ್ಯನನ್ನೇ ಅನುಮಾನಿಸುತ್ತಾರೆ. ಈ ಪತ್ರಿಕೆಯನ್ನು ಈಗ ಮೊಳದೂರ ಹಿಡಿದು ಓದುತ್ತಿರುವವರು ಯಾರಾದರೂ ಇದ್ದರೆ, ಬರುವ ಭಾನುವಾರ ಸಂಘದ ಕಚೇರಿಗೆ ಬನ್ನಿರಿ. ಪೆಟ್ಟಿಗೆ ಇನ್ನೂ ಬಂದಿಲ್ಲ. ನನ್ನ ಹಳೆಯ ಕನ್ನಡಕವಂತೂ ನನ್ನ ಜೇಬಿನಲ್ಲಿದೆ. ಒಮ್ಮೆ ಹಾಕಿಕೊಂಡು ನೋಡಬಹುದು.